ಅಚ್ಚಾದ ಪುಸ್ತಕ ಅಟ್ಟ ಸೇರದಿರಲಿ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಚಟುವಟಿಕೆಗಳಲ್ಲಿ ಕೃತಿ ಬಿಡುಗಡೆ ಸಮಾರಂಭಕ್ಕೆ ಕಾಯಂ ಸ್ಥಾನವಿದೆ. ಮಾಟುಂಗಾ, ಮಾಹಿಮ್‌ನ ಸಭಾಗೃಹಗಳಿಂದ ಹಿಡಿದು ಡೊಂಬಿವಲಿ, ಮೀರಾರೋಡ್, ವಸಾಯಿಯ ಸಂಘಗಳವರೆಗೆ ರವಿವಾರದ ಸಂಜೆ ಎಲ್ಲಾದರೊಂದು ಕಡೆ ಹೊಸ ಪುಸ್ತಕವೊಂದು ಲೋಕಾರ್ಪಣೆಗೊಳ್ಳುತ್ತಿರುತ್ತದೆ. ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲ್ ಉದ್ಯಮಿಗಳು, ಶಿಕ್ಷಕಿಯರು, ಗೃಹಿಣಿಯರು, ಸಂಶೋಧನ ವಿದ್ಯಾರ್ಥಿಗಳು ಹೀಗೆ ಬರೆಯುವವರ ಬಳಗ ದೊಡ್ಡದು. ಉದರ ನಿಮಿತ್ತ ಊರು ಬಿಟ್ಟು ಬಂದವರು, ಲೋಕಲ್ ಟ್ರೈನಿನ ನೂಕುನುಗ್ಗಲಿನ ನಡುವೆಯೂ ತಾಯಿನುಡಿಯಲ್ಲಿ ಬರೆಯುತ್ತಾರೆಂಬುದು ಹೆಮ್ಮೆಯ ಸಂಗತಿಯೇ ಸರಿ.

ಆದರೆ ಬಿಡುಗಡೆಯ ಮರುದಿನ ಆ ಪುಸ್ತಕದ ಗತಿ ಏನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಸಾವಿರ ಪ್ರತಿ ಅಚ್ಚು ಹಾಕಿಸಿದ್ದಾರೆ ಎಂದಿಟ್ಟುಕೊಂಡರೆ, ಇನ್ನೂರು ಪ್ರತಿ ಸಮಾರಂಭದಲ್ಲಿ ಗೌರವಪ್ರತಿಯಾಗಿ ಹಂಚಿಹೋಗುತ್ತದೆ. ಬಂಧುಮಿತ್ರರು ಐವತ್ತು ಕೊಳ್ಳುತ್ತಾರೆ. ಉಳಿದದ್ದು ರಟ್ಟಿನ ಪೆಟ್ಟಿಗೆಗಳಲ್ಲಿ ಮನೆಯ ಅಟ್ಟ ಸೇರುತ್ತದೆ. ಒಂದು ಕೋಣೆ, ಒಂದು ಅಡುಗೆಮನೆಯ ಮುಂಬಯಿ ಸಂಸಾರದಲ್ಲಿ ಆ ಪೆಟ್ಟಿಗೆಗಳು ಹಿಡಿಯುವ ಜಾಗಕ್ಕೂ ಬೆಲೆಯಿದೆ. ನಿವೃತ್ತಿಯ ಹಣದಲ್ಲಿ ಒಂದು ಪಾಲು ಹೀಗೆ ಕಾಗದವಾಗಿ ಕುಳಿತಾಗ ಲೇಖಕರ ಉತ್ಸಾಹವೂ ಅಲ್ಲೇ ಕುಳಿತುಬಿಡುತ್ತದೆ. ಎಷ್ಟೋ ಮಂದಿಯ ಮೊದಲ ಪುಸ್ತಕವೇ ಕೊನೆಯದಾಗುವುದಕ್ಕೆ ಕಾರಣ ಪ್ರತಿಭೆಯ ಕೊರತೆಯಲ್ಲ. ಅಚ್ಚು ಮಾಡಿಸುವುದೇ ಪ್ರಕಟಣೆ ಎಂಬ ತಪ್ಪು ತಿಳಿವಳಿಕೆ ಅದಕ್ಕೆ ಕಾರಣ.

ಓದುಗರು ಮೊದಲು, ಪುಸ್ತಕ ಆಮೇಲೆ

ಅಚ್ಚು ಬೇರೆ, ಪ್ರಕಟಣೆ ಬೇರೆ ಎಂಬುದು ಕನ್ನಡದ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕಾದಂಬರಿ ಪಿತಾಮಹರೆನಿಸಿದ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. 1933ರಲ್ಲಿ, ಧಾರವಾಡ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, ಜಿ.ಬಿ. ಜೋಶಿಯವರು ಅಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಅವರು ಅನುಸರಿಸಿದ್ದು ಚಂದಾದಾರರ ಪದ್ಧತಿಯನ್ನು. ಓದುಗರು ಮುಂಗಡವಾಗಿ ಚಂದಾ ಕೊಡುತ್ತಿದ್ದರು, ವರ್ಷದಲ್ಲಿ ಹೊರಬಂದ ಪುಸ್ತಕಗಳು ಅವರ ಮನೆಗೆ ತಲುಪುತ್ತಿದ್ದವು. ಪುಸ್ತಕ ಅಚ್ಚಾಗುವ ಮೊದಲೇ ಅದರ ಓದುಗರು ಯಾರೆಂಬುದು ಪ್ರಕಾಶಕರಿಗೆ ತಿಳಿದಿರುತ್ತಿತ್ತು. ಗ್ರಂಥಮಾಲೆಯ ಕಚೇರಿಗೂ 'ಅಟ್ಟ' ಎಂದೇ ಹೆಸರು. ಆ ಅಟ್ಟದಲ್ಲಿ ಲೇಖಕರು ಕೂಡಿ ಹಸ್ತಪ್ರತಿಗಳನ್ನು ಓದಿ ಚರ್ಚಿಸುತ್ತಿದ್ದರು. ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರ ಕಣ್ಣು ಅಲ್ಲಿತ್ತು.

ಮುಂಬಯಿ ಕರ್ನಾಟಕ ಸಂಘವೂ ಹುಟ್ಟಿದ್ದು ಅದೇ 1933ರಲ್ಲಿ. ಮೈಸೂರು ಅಸೋಸಿಯೇಷನ್ ಅದಕ್ಕಿಂತ ಏಳು ವರ್ಷ ಹಿರಿದು. ಈ ನಗರದಲ್ಲಿದ್ದುಕೊಂಡೇ ಯಶವಂತ ಚಿತ್ತಾಲರು 'ಶಿಕಾರಿ'ಯನ್ನು ಬರೆದರು. ವ್ಯಾಸರಾಯ ಬಲ್ಲಾಳರು 'ಬಂಡಾಯ'ಕ್ಕಾಗಿ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇವರೆಲ್ಲ ಒಳನಾಡಿನ ಪತ್ರಿಕೆ, ಪ್ರಕಾಶಕ, ಓದುಗ ಈ ಮೂವರ ಪರೀಕ್ಷೆಯನ್ನು ದಾಟಿ ಹೆಸರಾದವರು. ದಾರಿ ಕಠಿಣವಾಗಿತ್ತು, ಆದರೆ ದಾರಿ ಯಾವುದೆಂಬುದು ಸ್ಪಷ್ಟವಾಗಿತ್ತು.

ಈಗಿನ ತೊಡಕು ಬೇರೆ ಬಗೆಯದು. ದಾರಿಗಳು ಹಲವಾಗಿವೆ, ಆದರೆ ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳುವವರಿಲ್ಲ. ಗಣಕಯಂತ್ರದಲ್ಲಿ ಪುಟವಿನ್ಯಾಸ ಬಂದ ಮೇಲೆ ಪುಸ್ತಕ ಮಾಡುವುದು ಸುಲಭವಾಯಿತು. ಡಿಜಿಟಲ್ ಮುದ್ರಣ ಬಂದ ಮೇಲೆ ಐವತ್ತು ಪ್ರತಿಯನ್ನೂ ಮಾಡಿಸಬಹುದಾಯಿತು. ಮುದ್ರಣ ಸುಲಭವಾದಷ್ಟೂ ಓದುಗರನ್ನು ಹುಡುಕುವ ಹೊಣೆ ಪ್ರಕಾಶಕರಿಂದ ಜಾರಿ ಲೇಖಕರ ಹೆಗಲೇರಿತು. ಈ ಬದಲಾವಣೆಯನ್ನು ಅರಿಯದೆ ಹೊಸಬರು ಚೆಕ್ ಬರೆದುಕೊಡುವುದೇ ಇಂದಿನ ಸಮಸ್ಯೆಯ ಮೂಲ.

ದಾರಿಗಳು ಯಾವುವು?

ಮೊದಲನೆಯದು, ಹೆಸರಾಂತ ಪ್ರಕಾಶಕರಿಗೆ ಹಸ್ತಪ್ರತಿ ಕಳುಹಿಸಿ ಕಾಯುವುದು. ಇಲ್ಲಿ ಲೇಖಕರು ಹಣ ಹಾಕಬೇಕಿಲ್ಲ, ಗೌರವಧನವೂ ಸಿಗಬಹುದು. ಆದರೆ ಹೊಸ ಹೆಸರುಗಳಿಗೆ ಅವಕಾಶ ಕಡಿಮೆ, ಕಾಯುವ ಕಾಲ ದೀರ್ಘ. ಇದಕ್ಕೆ ಸಿದ್ಧತೆ ಬೇಕು. ಕಥೆ, ಕವಿತೆ, ಪ್ರಬಂಧಗಳು ಮೊದಲು ಒಳನಾಡಿನ ವಾರಪತ್ರಿಕೆ, ಮಾಸಪತ್ರಿಕೆ, ವಿಶೇಷಾಂಕಗಳಲ್ಲಿ ಬರಬೇಕು. ಮುಂಬಯಿಯ ಪತ್ರಿಕೆಗಳಲ್ಲಷ್ಟೇ ಬರೆದು ಬೆಂಗಳೂರಿನ ಪ್ರಕಾಶಕರು ಗುರುತಿಸಲಿಲ್ಲವೆಂದು ಬೇಸರಪಟ್ಟು ಪ್ರಯೋಜನವಿಲ್ಲ.

ಎರಡನೆಯದು, ಹೊಸಬರಿಗೆಂದೇ ಇರುವ ಬಾಗಿಲುಗಳು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಕಥೆಗಾರ ವಸುಧೇಂದ್ರರ ಛಂದ ಪುಸ್ತಕವು ಹಸ್ತಪ್ರತಿ ಸ್ಪರ್ಧೆಯ ಮೂಲಕ ಹಲವು ಹೊಸ ಕಥೆಗಾರರ ಮೊದಲ ಸಂಕಲನವನ್ನು ಹೊರತಂದಿದೆ. ಇಂತಹ ಪ್ರಕಟಣೆಗಳು ಕರ್ನಾಟಕದ ಪತ್ರಿಕೆಗಳಲ್ಲಿ ಬಂದು ಹೋಗುತ್ತವೆ, ಹೊರನಾಡಿನವರಿಗೆ ಕೊನೆಯ ದಿನಾಂಕ ಮುಗಿದ ಮೇಲೆ ಗೊತ್ತಾಗುತ್ತದೆ. ಇದು ಮಾಹಿತಿಯ ಕೊರತೆಯೇ ಹೊರತು ಅರ್ಹತೆಯ ಕೊರತೆಯಲ್ಲ. ವಯೋಮಿತಿ ಮೊದಲಾದ ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ಮೂರನೆಯದು, ಸ್ವಂತ ಪ್ರಕಟಣೆ. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ಸ್ವಂತವಾಗಿ ಪ್ರಕಟಿಸುವುದು ಬೇರೆ, ಪ್ರಕಾಶಕರೆನಿಸಿಕೊಂಡವರಿಗೆ ಪೂರ್ತಿ ಹಣ ಕೊಟ್ಟು ಅವರ ಹೆಸರನ್ನು ಮುಖಪುಟದಲ್ಲಿ ಹಾಕಿಸುವುದು ಬೇರೆ. ಮುದ್ರಣ, ಬಿಡುಗಡೆ, ಪ್ರಚಾರ ಎಲ್ಲ ಸೇರಿ ಇಷ್ಟು ಎಂದು ಹೇಳುವವರ ಬಳಿ ಒಂದೊಂದಕ್ಕೂ ಪ್ರತ್ಯೇಕ ಲೆಕ್ಕ ಕೇಳಬೇಕು. ಎಷ್ಟು ಪ್ರತಿ ಅಚ್ಚಾಗುತ್ತದೆ, ಲೇಖಕರಿಗೆ ಎಷ್ಟು ಬರುತ್ತದೆ, ಉಳಿದದ್ದು ಯಾವ ಅಂಗಡಿಗೆ ಹೋಗುತ್ತದೆ, ಮಾರಾಟದ ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಸಿಗುತ್ತದೆ ಎಂಬುದಕ್ಕೆ ಬರಹದಲ್ಲಿ ಉತ್ತರ ಬಾರದಿದ್ದರೆ ಅಲ್ಲಿ ನಡೆಯುವುದು ಮುದ್ರಣ ಮಾತ್ರ. ಅದಕ್ಕೆ ನೇರ ಮುದ್ರಣಾಲಯಕ್ಕೆ ಹೋಗುವುದೇ ಮೇಲು.

ಸ್ವಂತ ಪ್ರಕಟಣೆಯಲ್ಲಿ ಸಾವಿರ ಪ್ರತಿಯ ಮೋಹವನ್ನು ಬಿಡಬೇಕು. ಆಫ್‌ಸೆಟ್‌ನಲ್ಲಿ ಹೆಚ್ಚು ಪ್ರತಿ ಮಾಡಿಸಿದಷ್ಟೂ ಪ್ರತಿಯೊಂದರ ವೆಚ್ಚ ಇಳಿಯುತ್ತದೆ ಎಂಬುದು ನಿಜ. ಆದರೆ ಮಾರಾಟವಾಗದ ಅಗ್ಗದ ಪ್ರತಿಗಿಂತ ಮಾರಾಟವಾಗುವ ದುಬಾರಿ ಪ್ರತಿಯೇ ಲಾಭದಾಯಕ. ನೂರು ಪ್ರತಿ ಮಾಡಿಸಿ, ಅದು ಮುಗಿದ ಮೇಲೆ ಮತ್ತೆ ನೂರು ಮಾಡಿಸುವ ಸೌಲಭ್ಯ ಈಗ ಎಲ್ಲ ದೊಡ್ಡ ನಗರಗಳಲ್ಲೂ ಇದೆ. ಬೆಲೆ ನಿಗದಿ ಮಾಡುವಾಗ ಅಂಗಡಿಯವರಿಗೆ ಮೂರನೇ ಒಂದು ಪಾಲಿನಷ್ಟೋ ಅದಕ್ಕಿಂತ ಹೆಚ್ಚೋ ರಿಯಾಯಿತಿ ಕೊಡಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. ಇನ್ನೂರು ರೂಪಾಯಿಯ ಪುಸ್ತಕದಿಂದ ಲೇಖಕರ ಕೈಗೆ ಇನ್ನೂರು ಬರುವುದಿಲ್ಲ.

ಗ್ರಂಥಾಲಯ ಖರೀದಿಯನ್ನೇ ನಂಬಿ ಅಚ್ಚು ಹಾಕಿಸುವವರೂ ಇದ್ದಾರೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಕನ್ನಡ ಪ್ರಕಾಶನಕ್ಕೆ ದೊಡ್ಡ ಆಸರೆಯಾಗಿತ್ತು. ಆದರೆ ಆಯ್ಕೆಯಲ್ಲಿ, ಹಣ ಪಾವತಿಯಲ್ಲಿ ವಿಳಂಬ, ಪುಟದ ದರ ಸಾಲದು ಎಂಬುದು ಪ್ರಕಾಶಕರ ಬಹುಕಾಲದ ಅಳಲು. ಬಂದರೆ ಬರಲಿ ಎಂದು ಅರ್ಜಿ ಹಾಕಬಹುದು, ಬಂದೇ ಬರುತ್ತದೆಂದು ಸಾಲ ಮಾಡಬಾರದು.

ಕಿವಿಗೂ ಒಂದು ಪುಸ್ತಕ

ನಾಲ್ಕನೆಯ ದಾರಿ ಇ-ಪುಸ್ತಕ ಮತ್ತು ಆಡಿಯೋ ಪುಸ್ತಕ. ಹೊರನಾಡಿನ ಕನ್ನಡಿಗರು ಅತಿ ಕಡಿಮೆ ಯೋಚಿಸಿದ, ಆದರೆ ಅವರಿಗೇ ಅತಿ ಹೆಚ್ಚು ಪ್ರಯೋಜನಕಾರಿಯಾದ ದಾರಿ ಇದು.

2016ರ ಕೊನೆಯಲ್ಲಿ ಅಮೆಜಾನ್ ಸಂಸ್ಥೆ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡಿಗರು ಸುಮ್ಮನೆ ಕೂರಲಿಲ್ಲ. 2020ರಲ್ಲಿ ಮೈಲ್ಯಾಂಗ್ ಬುಕ್ಸ್ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳಿಗೆಂದೇ ಆರಂಭವಾಯಿತು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಲ್ಲಿ ಕನ್ನಡದ ಹೊಸ ಬರಹಗಾರರು ಧಾರಾವಾಹಿಯಾಗಿ ಬರೆದು ಓದುಗರ ಅಭಿಪ್ರಾಯವನ್ನು ನೇರವಾಗಿ ಪಡೆಯುತ್ತಿದ್ದಾರೆ. ಇಲ್ಲಿ ಮುದ್ರಣದ ಖರ್ಚಿಲ್ಲ, ದಾಸ್ತಾನಿನ ಚಿಂತೆಯಿಲ್ಲ, ಅಂಚೆ ವೆಚ್ಚವೂ ಇಲ್ಲ.

ಮುಂಬಯಿ, ಪುಣೆ, ಚೆನ್ನೈ, ದೆಹಲಿಯಲ್ಲಿ ಬೆಳೆದ ಎರಡನೆಯ, ಮೂರನೆಯ ತಲೆಮಾರಿನ ಮಕ್ಕಳನ್ನು ಗಮನಿಸಿದರೆ ಇದರ ಮಹತ್ವ ತಿಳಿಯುತ್ತದೆ. ಅವರಲ್ಲಿ ಬಹುಮಂದಿಗೆ ಮನೆಯಲ್ಲಿ ಕೇಳಿದ ಕನ್ನಡ ಅರ್ಥವಾಗುತ್ತದೆ, ಮಾತನಾಡಲೂ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳು ಒಂದೊಂದಾಗಿ ಬರಿದಾಗುತ್ತ ಬಂದುದರ ಫಲ ಇದು. ಅಜ್ಜ ಬರೆದ ಕಾದಂಬರಿಯನ್ನು ಮೊಮ್ಮಗಳು ಓದಲಾರಳು, ಆದರೆ ಅಂಧೇರಿಯಿಂದ ಚರ್ಚ್‌ಗೇಟ್‌ವರೆಗಿನ ಪ್ರಯಾಣದಲ್ಲಿ ಕೇಳಬಲ್ಲಳು. ಲಿಪಿ ಕಳೆದುಕೊಂಡ ತಲೆಮಾರಿಗೂ ನುಡಿಯನ್ನು ತಲುಪಿಸುವ ಸಾಧನ ಇದೊಂದೇ ಇದ್ದೀತು. ಮುಂಬಯಿಯಲ್ಲಿ ಕನ್ನಡ ರಂಗಭೂಮಿಯ, ಯಕ್ಷಗಾನದ ನುರಿತ ಕಲಾವಿದರಿಗೆ ಬರವಿಲ್ಲ. ಅವರ ಕಂಠ, ಲೇಖಕರ ಕೃತಿ, ಸಂಘದ ಒಂದು ಸದ್ದಿಲ್ಲದ ಕೋಣೆ ಸೇರಿದರೆ ಆಡಿಯೋ ಪುಸ್ತಕದ ಅರ್ಧ ಕೆಲಸ ಮುಗಿಯಿತು.

ಇದಕ್ಕೊಂದು ಪೂರ್ವಸಿದ್ಧತೆ ಅಗತ್ಯ. ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರವಿನ್ಯಾಸದಲ್ಲಿರುವ ಕಡತ ಇ-ಪುಸ್ತಕಕ್ಕೆ ಹಾಗೆಯೇ ಬಾರದು. ಯೂನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತನೆಯಲ್ಲಿ ಒತ್ತಕ್ಷರಗಳು ಕೆಡುವುದರಿಂದ ಮತ್ತೊಮ್ಮೆ ಕರಡು ತಿದ್ದಬೇಕು. ಮೊದಲಿಂದಲೇ ಯೂನಿಕೋಡ್‌ನಲ್ಲಿ ಬರೆದರೆ ಈ ತಾಪತ್ರಯವಿಲ್ಲ. ಮುದ್ರಣಾಲಯದಿಂದ ಪುಸ್ತಕದ ಜೊತೆಗೆ ಅಂತಿಮ ಕಡತವನ್ನೂ ಕೇಳಿ ಪಡೆಯುವುದು ಜಾಣತನ.

ಸಹಿ ಹಾಕುವ ಮುನ್ನ

ಕನ್ನಡದಲ್ಲಿ ಬಾಯಿಮಾತಿನ ಒಪ್ಪಂದಗಳೇ ಹೆಚ್ಚು. 'ನಮ್ಮವರೇ ಅಲ್ಲವೇ' ಎಂಬ ಸಂಕೋಚ ಇದಕ್ಕೆ ಕಾರಣ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆ ಲೇಖಕರ ಪರವಾಗಿಯೇ ಇದೆ, ಅದನ್ನು ತಿಳಿದಿರಬೇಕಷ್ಟೆ. ಕೃತಿ ರಚಿಸಿದ ಲೇಖಕರೇ ಸಾಮಾನ್ಯವಾಗಿ ಅದರ ಮೊದಲ ಹಕ್ಕುದಾರರು. ಹಕ್ಕು ಲೇಖಕರ ಜೀವಿತಾವಧಿಯವರೆಗೆ ಮತ್ತು ಅನಂತರ 60 ವರ್ಷ ಇರುತ್ತದೆ, ಅಂದರೆ ಅದು ಮಕ್ಕಳು ಮೊಮ್ಮಕ್ಕಳಿಗೆ ಸೇರುವ ಆಸ್ತಿ. ಇದಕ್ಕೆ ನೋಂದಣಿ ಕಡ್ಡಾಯವಲ್ಲ.

ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವುದಾದರೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಕಾನೂನು ಪರಿಗಣಿಸುತ್ತದೆ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳದ ಹೊರತು, ಆ ವರ್ಗಾವಣೆ ರದ್ದಾದಂತೆ. ಹಾಗಾಗಿ 'ಎಲ್ಲ ಹಕ್ಕುಗಳು ಶಾಶ್ವತವಾಗಿ' ಎಂಬ ಸಾಲು ಕಂಡರೆ ಅಲ್ಲಿಯೇ ನಿಲ್ಲಬೇಕು. ಮುದ್ರಿತ ಪುಸ್ತಕ, ಇ-ಪುಸ್ತಕ, ಆಡಿಯೋ, ಅನುವಾದ, ಚಲನಚಿತ್ರ ಇವು ಬೇರೆ ಬೇರೆ ಹಕ್ಕುಗಳು. ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಪಠ್ಯ ಒದಗಿಸುವ ವಿಷಯವೂ ಈಗ ಸೇರಿಕೊಂಡಿದೆ. ಪ್ರಕಾಶಕರಿಗೆ ಅಚ್ಚಿನ ಹಕ್ಕು ಮಾತ್ರ ಬೇಕಿದ್ದರೆ ಅದನ್ನಷ್ಟೇ ಕೊಟ್ಟು ಉಳಿದುದನ್ನು ಇಟ್ಟುಕೊಳ್ಳಬೇಕು.

ಅನುವಾದದ ಹಕ್ಕು ಯಾರಿಗೆ ಬೇಕು ಎಂದು ಉದಾಸೀನ ಮಾಡುವ ಕಾಲ ಮುಗಿದಿದೆ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂದು ಬಂದು 2018ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿಯನ್ನು ಗಳಿಸಿದವು. ಇದೇ ಚಾಳು, ಇದೇ ಲೋಕಲ್, ಇದೇ ಬೀದಿಗಳ ಕಥೆಗಳು ಅವು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದವು. 50,000 ಪೌಂಡ್‌ನ ಆ ಬಹುಮಾನ ಲೇಖಕಿ ಮತ್ತು ಅನುವಾದಕಿಗೆ ಸಮಪಾಲು. ಎಲ್ಲರಿಗೂ ಬೂಕರ್ ಬರುವುದಿಲ್ಲ, ನಿಜ. ಆದರೆ ಮುಂಬಯಿಯ ಲೇಖಕರ ಸುತ್ತ ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್ ಬಲ್ಲ ಕನ್ನಡಿಗರೇ ಇರುವಾಗ ಪಕ್ಕದ ಮನೆಯ ಮರಾಠಿ ಓದುಗರನ್ನಾದರೂ ತಲುಪಬಹುದಲ್ಲ!

ಸಣ್ಣ ಕೆಲಸಗಳು, ದೊಡ್ಡ ಉಪಯೋಗ

ಐಎಸ್‌ಬಿಎನ್ ಸಂಖ್ಯೆಗೆ ಹಣ ಕೇಳುವವರಿದ್ದಾರೆ. ಭಾರತದಲ್ಲಿ ಅದು ಉಚಿತ. ನವದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆಗೆ ಆನ್‌ಲೈನ್ ಅರ್ಜಿ ಹಾಕಿ ಲೇಖಕರೇ ಪಡೆಯಬಹುದು. ಪುಸ್ತಕ ಹೊರಬಂದ ಮೇಲೆ 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಮುಂಬಯಿ, ಚೆನ್ನೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ಅಟ್ಟದ ಪ್ರತಿಗೆ ಗೆದ್ದಲು ಹಿಡಿಯಬಹುದು, ಅಲ್ಲಿ ಸೇರಿದ ಪ್ರತಿ ಮುಂದಿನ ಸಂಶೋಧಕರಿಗೆ ಸಿಗುತ್ತದೆ.

ಊರಿನ ಓದುಗರಿಗೆ ಪುಸ್ತಕ ಕಳುಹಿಸುವ ವೆಚ್ಚವೂ ಹೊರನಾಡಿನವರಿಗೆ ಹೊರೆಯೇ. ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾಗಿದ್ದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಹೊಸ ಸೇವೆ ಆರಂಭವಾಯಿತು. 300 ಗ್ರಾಂವರೆಗೆ 20 ರೂ., 5 ಕಿಲೋವರೆಗೆ 100 ರೂ., ಮೇಲೆ ತೆರಿಗೆ ಎಂಬುದು ಆಗ ನಿಗದಿಯಾದ ದರ. ಯಾವ ಬಗೆಯ ಪುಸ್ತಕಗಳಿಗೆ ಅದು ಅನ್ವಯಿಸುತ್ತದೆಂದು ಅಂಚೆ ಕಚೇರಿಯಲ್ಲಿ ವಿಚಾರಿಸಿಕೊಂಡೇ ಕಟ್ಟು ಕಟ್ಟುವುದು ಒಳ್ಳೆಯದು.

ಇವೆಲ್ಲಕ್ಕಿಂತ ಮುಖ್ಯವಾದುದು ಸಂಪಾದನೆ. ಹೊರನಾಡಿನ ಅನೇಕ ಪುಸ್ತಕಗಳಲ್ಲಿ ಮುನ್ನುಡಿ, ಬೆನ್ನುಡಿ, ಶುಭನುಡಿ, ಹಾರೈಕೆಗಳು ಹೇರಳ. ಆದರೆ ಹಸ್ತಪ್ರತಿಯನ್ನು ಕೈಯಲ್ಲಿ ಪೆನ್ನು ಹಿಡಿದು ಓದಿ, 'ಈ ಅಧ್ಯಾಯ ಬೇಡ' ಎಂದು ಹೇಳಿದವರು ಒಬ್ಬರೂ ಇರುವುದಿಲ್ಲ. ಮುನ್ನುಡಿ ಬರೆಯುವವರು ಹೊಗಳುತ್ತಾರೆ, ಸಂಪಾದಕರು ತಿದ್ದುತ್ತಾರೆ. ಪುಸ್ತಕವನ್ನು ಉಳಿಸುವುದು ತಿದ್ದುಪಡಿಯೇ.

ಸಂಘಗಳ ಹೊಣೆ

ಬಿಡುಗಡೆ ಸಮಾರಂಭಗಳನ್ನು ನಿಲ್ಲಿಸಬೇಕೆಂದು ಯಾರೂ ಹೇಳಲಾರರು. ದಿನವಿಡೀ ಹೋಟೆಲಿನ ಗಲ್ಲಾದಲ್ಲಿ ಕುಳಿತು ರಾತ್ರಿ ಬರೆದವರಿಗೆ, ಮಕ್ಕಳನ್ನು ಮಲಗಿಸಿ ಬರೆದ ತಾಯಿಗೆ ಆ ಒಂದು ಸಂಜೆಯ ಗೌರವ ಸಲ್ಲಲೇಬೇಕು. ಸಮುದಾಯ ತನ್ನ ಲೇಖಕರನ್ನು ಗುರುತಿಸುವ ಬಗೆ ಅದು. ಆದರೆ ಗೌರವ ಅಲ್ಲಿಗೆ ನಿಲ್ಲಬಾರದು. ಸಭಾಗೃಹ, ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ, ಉಪಾಹಾರಕ್ಕೆ ಆಗುವ ವೆಚ್ಚದ ಒಂದು ಪಾಲು ಪುಸ್ತಕದ ಕಡೆಗೂ ತಿರುಗಬೇಕು.

ಧಾರವಾಡದ ಗ್ರಂಥಮಾಲೆ ತೋರಿದ ಚಂದಾ ಪದ್ಧತಿಯನ್ನು ಹೊರನಾಡಿನ ಸಂಘಗಳು ಸುಲಭವಾಗಿ ಅನುಸರಿಸಬಹುದು. ಒಂದು ಸಂಘದ ನೂರು ಸದಸ್ಯರು ವರ್ಷಕ್ಕೆ ಐನೂರು ರೂಪಾಯಿ ಕೊಟ್ಟರೆ ಐವತ್ತು ಸಾವಿರ ಆಯಿತು. ಅದರಲ್ಲಿ ಎರಡು ಮೂರು ಆಯ್ದ ಕೃತಿಗಳ ನೂರು ನೂರು ಪ್ರತಿ ಸದಸ್ಯರ ಮನೆ ತಲುಪಬಹುದು. ನಾಲ್ಕೈದು ಸಂಘಗಳು ಕೈಜೋಡಿಸಿದರೆ ಲೇಖಕರು ಸಾಲ ಮಾಡಬೇಕಿಲ್ಲ, ಅಟ್ಟಕ್ಕೂ ಏಣಿ ಹಾಕಬೇಕಿಲ್ಲ. ಪ್ರತಿ ಸಂಘದಲ್ಲೂ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ವರ್ಷಕ್ಕೊಮ್ಮೆ ಅವರೊಂದಿಗೆ ಕುಳಿತು ಒಂದು ಮಾದರಿ ಒಪ್ಪಂದಪತ್ರ ಸಿದ್ಧಪಡಿಸಿ ಲೇಖಕರಿಗೆ ಒದಗಿಸಬಹುದು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಂತಹ ಕಡೆ ಓದಿದವರ ನೆರವಿನಿಂದ ತಿಂಗಳಿಗೊಂದು ಹಸ್ತಪ್ರತಿ ಓದುವ ಬಳಗ ಕಟ್ಟಬಹುದು. ಗಣೇಶೋತ್ಸವ, ನವರಾತ್ರಿ, ರಾಜ್ಯೋತ್ಸವದ ಜನಸಂದಣಿಯಲ್ಲಿ ಒಂದು ಮೇಜು ಹಾಕಿ ಪುಸ್ತಕ ಇಡಬಹುದು.

ಸದಸ್ಯರದೂ ಒಂದು ಕರ್ತವ್ಯವಿದೆ. ಪರಿಚಿತ ಲೇಖಕರಿಂದ ಗೌರವಪ್ರತಿ ನಿರೀಕ್ಷಿಸುವ ಅಭ್ಯಾಸ ಬಿಡಬೇಕು. ಕಾಫಿ ತಿಂಡಿಗೆ ಕೊಡುವಷ್ಟು ಹಣವನ್ನು ಕೊಟ್ಟು ಪುಸ್ತಕ ಕೊಂಡು, ಓದಿ, ಇಷ್ಟವಾಗಲಿ ಆಗದಿರಲಿ ನಾಲ್ಕು ಮಾತು ಬರೆದು ತಿಳಿಸಿದರೆ ಅದಕ್ಕಿಂತ ದೊಡ್ಡ ಸನ್ಮಾನ ಲೇಖಕರಿಗೆ ಬೇರೆ ಇಲ್ಲ.

ಹೊಸ ಲೇಖಕರು ಅವಸರಪಡಬಾರದು. ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಕಥೆಗೆ ಇನ್ನೊಂದು ವರ್ಷ ಕೊಟ್ಟರೆ ನಷ್ಟವಿಲ್ಲ. ಮೊದಲು ಹತ್ತು ಮಂದಿಯಿಂದ ಓದಿಸಿ, ಆಮೇಲೆ ತಿದ್ದಿ, ಆಮೇಲೆ ದಾರಿ ಆರಿಸಿ, ಕೊನೆಗೆ ಚೆಕ್ ಬರೆಯಬೇಕು. ಹೊರನಾಡಿನ ಕನ್ನಡ ಬದುಕಿನ ನೆನಪುಗಳನ್ನು, ರಾತ್ರಿಶಾಲೆಯ, ಚಾಳಿನ, ಕ್ಯಾಂಟೀನಿನ ದಿನಗಳನ್ನು ಬಲ್ಲವರು ವರ್ಷ ಕಳೆದಂತೆ ಕಡಿಮೆಯಾಗುತ್ತಿದ್ದಾರೆ. ಅವರು ಬರೆದದ್ದು ಓದುಗರ ಕೈ ಸೇರಬೇಕು. ಈ ವರ್ಷದ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸಲು ಕುಳಿತಾಗ ಸಂಘಗಳ ಪದಾಧಿಕಾರಿಗಳು ಈ ದಿಸೆಯಲ್ಲಿ ಒಂದು ಹೆಜ್ಜೆಯನ್ನಾದರೂ ಇಡಲಿ.